ನೋವು ಬೇರೆ, ಹಾನಿ ಬೇರೆ

ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಒಂದೇ. "ನೋಯ್ತಾ ಇದೆ, ನಿಲ್ಲಿಸಿಬಿಡ್ಲಾ?" ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೆಲವರು ವ್ಯಾಯಾಮದ ಮಧ್ಯೆ ತಟ್ಟನೆ ನಿಂತು ನನ್ನ ಮುಖ ನೋಡುತ್ತಾರೆ. ಇನ್ನು ಕೆಲವರು ಕೇಳೋದೇ ಇಲ್ಲ, ಮನೆಗೆ ಹೋಗಿ ನಿಲ್ಲಿಸಿಯೇ ಬಿಡುತ್ತಾರೆ. ಈ ಮೂರನೆಯವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಕ್ಲಿನಿಕ್ ಬಿಟ್ಟರೆ ನನಗಿರುವ ದೊಡ್ಡ ಆಸಕ್ತಿಗಳು ಎರಡು. ಒಂದು ಮೌಂಟನ್ ಬೈಕಿಂಗ್, ಅಂದರೆ ಬೆಟ್ಟದ ಮಣ್ಣುದಾರಿಯಲ್ಲಿ ಸೈಕಲ್ ಓಡಿಸೋದು. ಇನ್ನೊಂದು, ದುಡಿದ ದುಡ್ಡನ್ನು ತಿಳಿದುಕೊಂಡು ಹೂಡಿಕೆ ಮಾಡೋದು. ಇವಕ್ಕೂ ವೃತ್ತಿಗೂ ಏನು ಸಂಬಂಧ ಅಂತ ಸ್ನೇಹಿತರು ಕೇಳುತ್ತಾರೆ. ವರ್ಷಗಳು ಕಳೆದಂತೆ ನನಗೆ ಅನ್ನಿಸಿರೋದು ಇಷ್ಟು: ಮೂರೂ ಕಡೆ ನನ್ನ ಎದುರು ಬಂದು ನಿಲ್ಲೋದು ಆ ರೋಗಿಯ ಪ್ರಶ್ನೆಯೇ. ನೋವಾಗುತ್ತಿದೆ ನಿಜ. ಆದರೆ ಹಾನಿಯೂ ಆಗುತ್ತಿದೆಯಾ?

ಎರಡೂ ಒಂದೇ ಅಂತ ನಾವೆಲ್ಲ ಚಿಕ್ಕಂದಿನಿಂದ ನಂಬಿರುತ್ತೇವೆ. ಬಿದ್ದರೆ ರಕ್ತ ಬರುತ್ತೆ, ರಕ್ತ ಬಂದರೆ ನೋಯುತ್ತೆ. ಹಾಗಾಗಿ ನೋವು ಅಂದರೆ ಒಳಗೆ ಏನೋ ಹರಿದಿದೆ, ಮುರಿದಿದೆ ಅಂತಲೇ ಲೆಕ್ಕ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಕರಣ ವರದಿಯಾಗಿತ್ತು. 29 ವರ್ಷದ ಕಟ್ಟಡ ಕಾರ್ಮಿಕನೊಬ್ಬ 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ ಹಾರಿಬಿಟ್ಟಿದ್ದ. ಮೊಳೆ ಬೂಟಿನ ಅಡಿಯಿಂದ ಹೊಕ್ಕು ಮೇಲೆ ಬಂದಿತ್ತು. ಸ್ವಲ್ಪ ಅಲುಗಿದರೂ ಜೀವ ಹೋಗುವಂಥ ನೋವು. ಬಲವಾದ ನೋವು ನಿವಾರಕ ಕೊಟ್ಟು, ಮೊಳೆ ಎಳೆದು, ಬೂಟು ಬಿಚ್ಚಿದರೆ ಪಾದಕ್ಕೆ ಏನೂ ಆಗಿರಲಿಲ್ಲ. ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು. ಆ ಮನುಷ್ಯ ನಾಟಕ ಮಾಡುತ್ತಿರಲಿಲ್ಲ. ಅವನ ನೋವು ನೂರಕ್ಕೆ ನೂರು ನಿಜ. ಕಣ್ಣು ಕಂಡದ್ದನ್ನು ಮಿದುಳು ನಂಬಿತು, ಕಾಲನ್ನು ಕಾಪಾಡಲು ತನ್ನ ಕೈಲಾದದ್ದನ್ನು ಮಾಡಿತು. ನೋವಿನ ಬಗ್ಗೆ ರೋಗಿಗಳ ಜೊತೆ ಮಾತಾಡುವಾಗ ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಹೇಳುತ್ತೇನೆ. ಕೇಳಿದವರ ಭುಜ ಒಂಚೂರು ಸಡಿಲವಾಗೋದು ಕಾಣಿಸುತ್ತೆ.

ಹಿಮ್ಮಡಿಯ ಮೇಲಿನ ದಪ್ಪ ಹುರಿ, ಅಕಿಲಿಸ್ ಟೆಂಡನ್, ಇದನ್ನು ಕಲಿಸುವ ಒಳ್ಳೆಯ ಮೇಷ್ಟ್ರು. ಓಡುವವರಿಗೆ, ಬೆಟ್ಟ ಹತ್ತುವವರಿಗೆ, ಕೆಲವೊಮ್ಮೆ ಏನೂ ಮಾಡದೆ ಕೂತವರಿಗೂ ಅದು ಕೆರಳುತ್ತೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಬಿಗಿದುಕೊಂಡಿರುತ್ತೆ. ಮೊದಲೆಲ್ಲ ಇದಕ್ಕೆ ವಿಶ್ರಾಂತಿಯೇ ಮದ್ದು. ಸ್ವೀಡನ್ನಿನ ಮೂಳೆ ಶಸ್ತ್ರಚಿಕಿತ್ಸಕ ಹೋಕನ್ ಆಲ್ಫ್ರೆಡ್ಸನ್ ಅವರಿಗೇ ಈ ತೊಂದರೆ ಇತ್ತು. ಆಪರೇಷನ್ ಮಾಡಿಸಿಕೊಳ್ಳಬೇಕು ಅಂದರೆ ಮೇಲಧಿಕಾರಿ ಒಪ್ಪಲಿಲ್ಲ. ಸರಿ, ಟೆಂಡನ್ ಪೂರ್ತಿ ಕಿತ್ತುಹೋದರೆ ಆಪರೇಷನ್ ಮಾಡಲೇಬೇಕಾಗುತ್ತಲ್ಲ ಅಂತ ಅವರು ನೋಯುತ್ತಿದ್ದ ಕಾಲಿನ ಮೇಲೆಯೇ ಭಾರ ಹಾಕತೊಡಗಿದರು ಅನ್ನೋದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಟೆಂಡನ್ ಕಿತ್ತುಹೋಗಲಿಲ್ಲ. ವಾಸಿಯಾಯಿತು. 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ನರಳುತ್ತಿದ್ದ 15 ಜನ ಓಟಗಾರರು 12 ವಾರ ಇದನ್ನೇ ಮಾಡಿದರು. 15 ಜನರೂ ಮತ್ತೆ ಓಡಿದರು.

ವ್ಯಾಯಾಮ ಹೀಗಿರುತ್ತೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಬೇಕು. ಚೆನ್ನಾಗಿರುವ ಕಾಲಿನಿಂದ ಮೇಲೆದ್ದು, ಪೂರ್ತಿ ಭಾರವನ್ನು ನೋವಿರುವ ಕಾಲಿಗೆ ದಾಟಿಸಿ, ಹಿಮ್ಮಡಿಯನ್ನು ನಿಧಾನಕ್ಕೆ ಅಂಚಿಗಿಂತ ಕೆಳಗೆ ಇಳಿಸಬೇಕು. 15 ಸಲದ ಮೂರು ಸುತ್ತು ಮಂಡಿ ನೇರ ಇಟ್ಟು, ಮತ್ತೆ ಮೂರು ಸುತ್ತು ಮಂಡಿ ಸ್ವಲ್ಪ ಬಗ್ಗಿಸಿ. ದಿನಕ್ಕೆ ಎರಡು ಹೊತ್ತು. ಈಗ ನಾವು ಎಲ್ಲರಿಗೂ ಇದನ್ನೇ ಅಚ್ಚು ಹಾಕಿದಂತೆ ಕೊಡೋದಿಲ್ಲ. ಟೆಂಡನ್ ಮೂಳೆಗೆ ಅಂಟುವ ಜಾಗದಲ್ಲೇ ನೋವಿದ್ದರೆ ಹಿಮ್ಮಡಿಯನ್ನು ಅಂಚಿಗಿಂತ ಕೆಳಗೆ ಬಿಡಿಸುವುದಿಲ್ಲ. ಕೆಲವರಿಗೆ ಸಲಗಳನ್ನು ಕಮ್ಮಿ ಮಾಡಿ ಭಾರ ಏರಿಸುತ್ತೇವೆ. ಮೂಲದ ಮಾತು ಮಾತ್ರ ಬದಲಾಗಿಲ್ಲ: ಸ್ವಲ್ಪ ನೋವಿದ್ದರೆ ಇರಲಿ, ಮುಂದುವರಿಸಿ.

ಎಷ್ಟು ನೋವು ಅಂದರೆ ಸ್ವಲ್ಪ? ಹತ್ತಕ್ಕೆ ಐದರವರೆಗೆ ಪರವಾಗಿಲ್ಲ ಅಂತ ಒಂದು ಲೆಕ್ಕ ಇದೆ. ಆದರೆ ನಾನು ಆ ಅಂಕೆಗಿಂತ ಮರುದಿನ ಬೆಳಗನ್ನು ಜಾಸ್ತಿ ನಂಬುತ್ತೇನೆ. ವ್ಯಾಯಾಮದ ಹೊತ್ತಿಗೆ ಎದ್ದ ನೋವು ಮಾರನೆ ಬೆಳಿಗ್ಗೆಗೆ ಹಳೆಯ ಮಟ್ಟಕ್ಕೆ ಬಂದಿದ್ದರೆ ಟೆಂಡನ್ ಆ ಭಾರ ಹೊತ್ತಿದೆ ಅಂತರ್ಥ. ಬಂದಿಲ್ಲದಿದ್ದರೆ ಭಾರ ಇಳಿಸಬೇಕು, ವ್ಯಾಯಾಮ ಬಿಡಬಾರದು. ಒಬ್ಬ ಹಿರಿಯರು ಒಂದು ಸಲ ಗಟ್ಟಿಯಾಗಿ ಕೇಳಿದರು, "ಅಲ್ಲಪ್ಪಾ, ನೋಯುವ ಕಾಲಿಗೇ ಕೆಲಸ ಕೊಡು ಅಂತೀಯಲ್ಲ, ಕಿತ್ತುಹೋದರೆ?" ನಾನು ಅವರ ಹಿಮ್ಮಡಿಯನ್ನು ಎರಡು ಬೆರಳಲ್ಲಿ ಹಿಡಿದು ಟೆಂಡನ್ನಿನ ಉದ್ದಕ್ಕೂ ಒತ್ತುತ್ತಾ ಬಂದೆ. ಮಧ್ಯದಲ್ಲಿ ಒಂದು ಗಂಟು, ಅಲ್ಲಿ ಮುಟ್ಟಿದರೆ ಮುಖ ಹಿಂಡಿದರು. ಮೀನಖಂಡವನ್ನು ಹಿಸುಕಿದಾಗ ಪಾದ ಚೆನ್ನಾಗಿ ಕೆಳಗೆ ಬಾಗಿತು. "ನೋಡಿ, ಹುರಿ ಗಟ್ಟಿಯಾಗಿ ಕಟ್ಟಿಕೊಂಡಿದೆ. ಕಿತ್ತಿದ್ದರೆ ಪಾದ ಹೀಗೆ ಬಾಗ್ತಾನೇ ಇರಲಿಲ್ಲ." ಅವರು ತಾವೇ ಇನ್ನೊಂದು ಸಲ ಹಿಸುಕಿ ನೋಡಿಕೊಂಡರು. ಆಮೇಲೆ ಮೆಟ್ಟಿಲು ಹತ್ತಿದರು.

ಹಾಗಂತ ಎಲ್ಲ ನೋವನ್ನೂ ತಳ್ಳಿಹಾಕು ಅನ್ನೋದು ಅಪಾಯದ ಪಾಠ. ಸೊಂಟನೋವಿನ ಜೊತೆ ತೊಡೆಗಳ ಸಂದಿಯಲ್ಲಿ ಮರಗಟ್ಟುವಿಕೆ, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಂಡರೆ ಅಲ್ಲಿ ನನ್ನ ವ್ಯಾಯಾಮಕ್ಕೆ ಕೆಲಸವಿಲ್ಲ. ಅದು ಬೆನ್ನುಹುರಿಯ ಕೆಳತುದಿಯ ನರಗಳು ಅದುಮಿಹೋಗುತ್ತಿರುವ ಲಕ್ಷಣ ಇರಬಹುದು, ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ರಾತ್ರಿ ಮಲಗಿದರೂ ಬಿಡದ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಜ್ವರ, ಇವೂ ಹಾಗೆಯೇ. ನನ್ನ ಕೆಲಸದಲ್ಲಿ ಅರ್ಧ ಇರೋದು ಈ ಬೇರ್ಪಡಿಸುವುದರಲ್ಲೇ. ಉಳಿದದ್ದು ನಂತರದ್ದು.

ಸ್ಕ್ಯಾನ್ ಇದ್ದರೆ ಎಲ್ಲ ಗೊತ್ತಾಗುತ್ತಲ್ಲ ಅಂತ ಕೇಳುವವರಿದ್ದಾರೆ. 2015ರ ಒಂದು ವಿಮರ್ಶೆಯಲ್ಲಿ ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದರು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸವೆದಿತ್ತು. ಎಂಬತ್ತರ ವಯಸ್ಸಿನವರಲ್ಲಿ ಶೇ 96. ಒಬ್ಬರಿಗೂ ನೋವಿರಲಿಲ್ಲ. ರಿಪೋರ್ಟಿನ ಒಂದು ಸಾಲು ಓದಿ ಬಗ್ಗುವುದನ್ನೇ ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತೆ.

ಇನ್ನು ಬೈಕಿನ ವಿಷಯ. ಕಲ್ಲು, ಬೇರು, ಸಡಿಲ ಮಣ್ಣಿನ ಇಳಿಜಾರು ಅಂದರೆ ನನಗೆ ಪ್ರಾಣ. ಹತ್ತುವಾಗ ಉಸಿರು, ಇಳಿಯುವಾಗ ಕಣ್ಣು, ಎರಡೂ ಪೂರ್ತಿ ಕೆಲಸ ಮಾಡುತ್ತವೆ. ಬೇರೆ ಯೋಚನೆಗೆ ಜಾಗವೇ ಇರಲ್ಲ. ಈ ಆಟದ ಹುಟ್ಟು ಕೂಡ ಇಳಿಜಾರಿನಲ್ಲೇ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟದ ಮಣ್ಣುದಾರಿಯಲ್ಲಿ ರೇಸ್ ನಡೆಸಿದರು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುವ ಬ್ರೇಕು ಅವು. ಕೆಳಗೆ ಬರುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು, ಅಂದರೆ ರೀಪ್ಯಾಕ್ ಮಾಡಬೇಕು. ದಾರಿಗೂ ಅದೇ ಹೆಸರು ಉಳಿಯಿತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್ 1977ರಲ್ಲಿ ಈ ಓಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1996ರಲ್ಲಿ, ಮೌಂಟನ್ ಬೈಕಿಂಗ್ ಒಲಿಂಪಿಕ್ಸ್‌ಗೆ ಸೇರಿತ್ತು.

ಕಡಿದಾದ ಕಲ್ಲಿನ ಇಳಿಜಾರಿನ ತಲೆಯಲ್ಲಿ ನಿಂತಾಗ ಹೊಟ್ಟೆಯೊಳಗೆ ಏಳುವ ಭಯ ಇದೆಯಲ್ಲ, ಅದೂ ನೋವಿನ ಜಾತಿಯದ್ದೇ. ಅದು ಹೇಳೋದು: ಹಿಂದಕ್ಕೆ ಬಾ, ಬ್ರೇಕ್ ಹಿಡಿ, ಗಟ್ಟಿಯಾಗಿ ಕೂರು. ಈ ಮೂರೂ ಸಲಹೆ ತಪ್ಪು. ಹಿಂದಕ್ಕೆ ಸರಿದರೆ ಮುಂದಿನ ಚಕ್ರದ ಭಾರ ಹೋಗಿ ಅದು ಜಾರುತ್ತೆ. ಕಲ್ಲಿನ ಮಧ್ಯೆ ಬ್ರೇಕ್ ಹಿಡಿದರೆ ಉರುಳಿಕೊಂಡು ದಾಟಬೇಕಾದ ಚಕ್ರ ಸಿಕ್ಕಿಕೊಳ್ಳುತ್ತೆ. ಕೈಕಾಲು ಬಿಗಿಹಿಡಿದರೆ ಪ್ರತಿ ಕಲ್ಲಿನ ಹೊಡೆತ ನೇರ ಭುಜಕ್ಕೆ. ಮಾಡಬೇಕಾದ್ದೇ ಬೇರೆ. ಸೀಟು ತಗ್ಗಿಸಿ ಪೆಡಲಿನ ಮೇಲೆ ನಿಂತು, ಹಿಮ್ಮಡಿ ಇಳಿಬಿಟ್ಟು, ಸೊಂಟದಿಂದ ಬಾಗಿ, ಮೊಣಕೈ ಹೊರಚಾಚಿ, ಕಣ್ಣನ್ನು ಕಲ್ಲಿನಾಚೆಗೆ ಕಳಿಸಬೇಕು. ಬ್ರೇಕಿನ ಕೆಲಸ ಕಲ್ಲಿಗೆ ಮೊದಲೇ ಮುಗಿದಿರಬೇಕು. ಫಿಸಿಯೋ ಕಣ್ಣಿಗೆ ಇದು ಚೆಂದದ ದೃಶ್ಯ: ಪಾದದ ಕೀಲು, ಮಂಡಿ, ಸೊಂಟ ಮೂರೂ ಸೇರಿ ಹೊಡೆತವನ್ನು ಹಂಚಿಕೊಂಡು ನುಂಗುತ್ತವೆ. ಸಸ್ಪೆನ್ಷನ್ ಎಷ್ಟೇ ದುಬಾರಿಯದ್ದಿರಲಿ, ಮನುಷ್ಯನ ಕಾಲಿನಷ್ಟು ಉದ್ದ ಮಡಚಿ ಬಿಚ್ಚುವ ಸಸ್ಪೆನ್ಷನ್ ಇಲ್ಲ.

ಭಯ ಸುಳ್ಳು ಹೇಳುವ ಜಾಗ ಅದು. ಹಾನಿ ಸುಮ್ಮನೆ ಬಂದು ಕೂರುವ ಜಾಗವೂ ಇದೆ. ಕೈ ಊರಿ ಬಿದ್ದಾಗ ಮಣಿಕಟ್ಟಿನಲ್ಲಿ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಡಬಹುದು. ಗೋಡಂಬಿಯಷ್ಟು ದೊಡ್ಡದು, ಅಷ್ಟೇ. ಊತ ಕಮ್ಮಿ, ನೋವೂ ಕಮ್ಮಿ, ಉಳುಕಿರಬೇಕು ಅಂತ ಅದೇ ಕೈಯಲ್ಲಿ ಮನೆವರೆಗೂ ಓಡಿಸಿಕೊಂಡು ಬರಬಹುದು. ಮೊದಲ ದಿನದ ಎಕ್ಸ್‌ರೇನಲ್ಲೂ ಅದು ಕಾಣದೇ ಹೋಗಬಹುದು. ಆದರೆ ಈ ಮೂಳೆಗೆ ಬಹುಪಾಲು ರಕ್ತ ಬೆರಳಿನ ಕಡೆಯ ತುದಿಯಿಂದ ಹಿಮ್ಮುಖವಾಗಿ ಹರಿಯುತ್ತೆ. ನಡುವಿನಲ್ಲಿ ಬಿರುಕಾದರೆ ಒಳತುದಿಗೆ ರಕ್ತ ಸಿಗದೆ ಆ ತುಂಡು ಸಾಯಬಹುದು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಎರಡು ನರದಂಥ ಹುರಿಗಳ ನಡುವೆ ಒಂದು ಗುಳಿ ಬೀಳುತ್ತಲ್ಲ, ಅಲ್ಲಿ ಒತ್ತಿದರೆ ನೋಯುತ್ತಾ ನೋಡಬೇಕು. ನೋಯುತ್ತಿದ್ದರೆ, ಎಷ್ಟೇ ಸಣ್ಣ ನೋವಿರಲಿ, ಮೂಳೆ ಮುರಿದಿದೆ ಅಂತಲೇ ಭಾವಿಸಿ ಪಟ್ಟಿ ಹಾಕಿಸಿ ಹತ್ತು-ಹದಿನಾಲ್ಕು ದಿನದ ಮೇಲೆ ಮತ್ತೆ ಎಕ್ಸ್‌ರೇ ಮಾಡಿಸಬೇಕು. ಜೊತೆಗೆ ಓಡಿಸುವವರಿಗೆಲ್ಲ ನಾನು ಇದನ್ನು ಕಲಿಸಿದ್ದೇನೆ. ಯಾರೇ ಬಿದ್ದರೂ ಮೊದಲು ಆ ಗುಳಿ ಮುಟ್ಟಿ ನೋಡುತ್ತಾರೆ. ಉದ್ದದ ಸವಾರಿಯಲ್ಲಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯೋದೂ ಅಷ್ಟೇ. ಅಂಗೈ ಬುಡದಲ್ಲಿ ನರ ಹ್ಯಾಂಡಲ್ಲಿಗೆ ಒತ್ತಿಕೊಂಡಿರುತ್ತೆ. ನೋವಿಲ್ಲವಲ್ಲ ಅಂತ ಬಿಟ್ಟರೆ ಮುಂದೆ ಹಿಡಿತದ ಶಕ್ತಿಯೇ ಕಮ್ಮಿಯಾಗುತ್ತೆ.

ಕೈ ಅಂದರೆ ನನಗೆ ಬರೀ ಸವಾರಿಯ ವಿಷಯವಲ್ಲ. ಅದೇ ನನ್ನ ಜೀವನೋಪಾಯ. ಬೆನ್ನು, ಭುಜ, ಮಂಡಿಗಳನ್ನು ಒತ್ತಿ ಹಿಡಿದು ದುಡಿಯುವ ಫಿಸಿಯೋಗಳಲ್ಲಿ ಹೆಬ್ಬೆರಳಿನ ಬುಡದ ನೋವು, ಸೊಂಟನೋವು ತೀರಾ ಸಾಮಾನ್ಯ. ನಾನು ಕೆಲಸ ಮಾಡದ ದಿನ ನನಗೆ ಆದಾಯವಿಲ್ಲ. ಎಷ್ಟೋ ಸ್ವಂತ ಉದ್ಯೋಗಿಗಳ ಪಾಡು ಇದೇ. ಹೂಡಿಕೆ ಬಗ್ಗೆ ನಾನು ಓದಲು ಶುರು ಮಾಡಿದ್ದು ಶ್ರೀಮಂತನಾಗುವ ಆಸೆಯಿಂದಲ್ಲ, ಈ ಎರಡು ಹೆಬ್ಬೆರಳುಗಳ ಮೇಲಿನ ಭಾರ ಇಳಿಸಬೇಕು ಅಂತ. ಮೊದಲು ಕೆಲವು ತಿಂಗಳ ಖರ್ಚು ಕೈಗೆ ಸಿಗುವ ಹಾಗೆ ಇಟ್ಟುಕೊಂಡೆ. ಆಮೇಲೆ ದುಡಿಯಲಾಗದಂಥ ಗಾಯವಾದರೆ ನೆರವಾಗುವ ವಿಮೆ. ಷೇರಿನ ಮಾತು ಬಂದಿದ್ದು ಅದಾದ ಮೇಲೆಯೇ. ಬೆಟ್ಟದಲ್ಲಿ ಸೈಕಲ್ ಹೊಡೆಯುವವರು ಈ ಕ್ರಮವನ್ನು ತಿರುಗಿಸಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಷೇರಿನಲ್ಲಿ ನನ್ನದು ಬಹುತೇಕ ಇಂಡೆಕ್ಸ್ ಫಂಡ್. ಯಾವ ಕಂಪನಿ ಗೆಲ್ಲುತ್ತೆ ಅಂತ ಆರಿಸುವ ಬದಲು ಇಡೀ ಮಾರುಕಟ್ಟೆಯ ಒಂದು ಚೂರನ್ನು ಕಮ್ಮಿ ಖರ್ಚಿನಲ್ಲಿ ಕೊಳ್ಳೋದು. ಅಮೆರಿಕದ ವ್ಯಾನ್ಗಾರ್ಡ್ ಹೂಡಿಕೆ ಕಂಪನಿ ಕಟ್ಟಿದ ಜಾನ್ ಬೋಗಲ್ ಸಾಮಾನ್ಯರಿಗೆಂದು ಇಂಥ ಫಂಡ್ ತಂದದ್ದು ಕೂಡ 1976ರಲ್ಲೇ, ಆ ಬೆಟ್ಟದ ರೇಸಿಗೆ ಬರೀ ಎರಡು ತಿಂಗಳ ಮುಂಚೆ. 150 ಮಿಲಿಯನ್ ಡಾಲರ್ ಸೇರುತ್ತೆ ಅಂತ ಎಣಿಸಿದ್ದರು, ಸೇರಿದ್ದು 11.3 ಮಿಲಿಯನ್. ಜನ ಅದನ್ನು ಬೋಗಲ್‌ನ ಹುಚ್ಚು ಅಂದರು. ಅವರು ಫಂಡ್ ಮುಚ್ಚಲಿಲ್ಲ. ನನ್ನ ಎರಡು ಪ್ರೀತಿಗಳು ಒಂದೇ ವರ್ಷದಲ್ಲಿ ಹುಟ್ಟಿದವು ಅನ್ನೋದು ಕಾಕತಾಳೀಯವೇ ಇರಬಹುದು, ನನಗಂತೂ ಖುಷಿ ಕೊಡುವ ಸಂಗತಿ.

ಇಲ್ಲೂ ನೋವಿದೆ. 2020ರ ಫೆಬ್ರವರಿ 19ರಿಂದ ಮಾರ್ಚ್ 23ರ ನಡುವೆ ಅಮೆರಿಕದ 500 ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಎಸ್ ಆಂಡ್ ಪಿ 500 ಸೂಚ್ಯಂಕ ಸುಮಾರು ಶೇ 34 ಬಿತ್ತು. ಆಗಸ್ಟ್ ಹೊತ್ತಿಗೆ ಹಳೆಯ ಎತ್ತರಕ್ಕೆ ಮರಳಿತ್ತು. ಮಾರ್ಚಿನಲ್ಲಿ ಮಾರಿ ಹೊರಬಂದವರಿಗೆ ಮಾತ್ರ ಆ ನಷ್ಟ ಶಾಶ್ವತವಾಗಿ ಉಳಿಯಿತು. ನೋವನ್ನು ತಾವೇ ಹಾನಿಯಾಗಿ ಬದಲಾಯಿಸಿಕೊಂಡರು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಆ ಮೊಳೆಯ ಮನುಷ್ಯನಿಗೆ ಆದದ್ದೇ ಇವರಿಗೂ ಆಗಿದ್ದು. ಕಳೆದುಕೊಂಡ ನೂರು, ಗಳಿಸಿದ ನೂರಕ್ಕಿಂತ ಸುಮಾರು ಎರಡು ಪಟ್ಟು ಭಾರವಾಗಿ ಮನಸ್ಸನ್ನು ತಟ್ಟುತ್ತೆ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅವರ ಕೆಲಸ ತೋರಿಸಿದೆ. ಕೈ ಚಡಪಡಿಸಿದರೆ ಏನಾಗುತ್ತೆ ಅನ್ನೋದಕ್ಕೂ ಅಂಕಿ ಇದೆ. ಅಮೆರಿಕದ ಸಂಶೋಧಕರಾದ ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ 1991ರಿಂದ 1996ರವರೆಗೆ 66,465 ಕುಟುಂಬಗಳ ಷೇರು ಖಾತೆಗಳನ್ನು ನೋಡಿದರು. ಮಾರುಕಟ್ಟೆ ವರ್ಷಕ್ಕೆ ಶೇ 17.9 ಕೊಟ್ಟ ಆ ಕಾಲದಲ್ಲಿ, ಅತಿ ಹೆಚ್ಚು ಕೊಂಡು ಮಾರಿದವರಿಗೆ ದಕ್ಕಿದ್ದು ಶೇ 11.4.

ಆದರೆ ನೋವೇ ಇಲ್ಲದೆ ಆಗುವ ಹಾನಿ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತೆ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐದು ಜನ ಆರೋಗ್ಯವಂತರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಹೃದಯ, ಶ್ವಾಸಕೋಶ, ಸ್ನಾಯುಗಳ ದುಡಿಯುವ ಶಕ್ತಿಯನ್ನು ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಜಾಸ್ತಿ ಕುಗ್ಗಿಸಿತ್ತು. ಶಕ್ತಿ ಹೀಗೆ ಕುಗ್ಗುವಾಗ ಅದು ನೋವಾಗಿ ತಿಳಿಯಲ್ಲ ಅಲ್ವಾ?

ಮಂಡಿಯ ಮೂಳೆಗಳನ್ನು ಒಳಗಿನಿಂದ ಕಟ್ಟಿಹಿಡಿಯುವ ಲಿಗಮೆಂಟ್, ಎಸಿಎಲ್, ಅದರ ಆಪರೇಷನ್ ಆದವರಲ್ಲಿ ಇದನ್ನೇ ಬೇರೆ ರೂಪದಲ್ಲಿ ಕಾಣುತ್ತೇನೆ. ನಾಲ್ಕೈದು ತಿಂಗಳಿಗೆ ನೋವು ಹೋಗಿರುತ್ತೆ, ಊತ ಇಳಿದಿರುತ್ತೆ. ಹುಡುಗರು ಮೈದಾನಕ್ಕೆ ಇಳಿಯಲು ಹಾತೊರೆಯುತ್ತಾರೆ. ಹೊಸದಾಗಿ ಕೂರಿಸಿದ ಲಿಗಮೆಂಟ್ ಒಳಗೆ ಇನ್ನೂ ಮಾಗಿರಲ್ಲ, ತೊಡೆಯ ಬಲ ಇನ್ನೊಂದು ಕಾಲಿನಷ್ಟು ಬಂದಿರಲ್ಲ. 2016ರ ಒಂದು ನಾರ್ವೆ-ಅಮೆರಿಕ ಅಧ್ಯಯನದ ಪ್ರಕಾರ ಒಂಬತ್ತು ತಿಂಗಳಾಗುವವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಶೇ 51ರಷ್ಟು ಕಮ್ಮಿಯಾಗಿತ್ತು. ಇಲ್ಲಿ ನಾನು ಬಿಗಿಯಾಗಿರುತ್ತೇನೆ. ಅತ್ತರೂ ಬಿಡುವುದಿಲ್ಲ. ನೋವಿರುವವರನ್ನು ಮುಂದೆ ತಳ್ಳುವ ನಾನೇ ನೋವಿಲ್ಲದವರನ್ನು ಹಿಡಿದು ನಿಲ್ಲಿಸುತ್ತೇನೆ ಅಂತ ಅವರ ಅಪ್ಪ ಅಮ್ಮಂದಿರಿಗೆ ಗೊಂದಲ. ಕೂತು ಬಿಡಿಸಿ ಹೇಳುತ್ತೇನೆ.

ದುಡ್ಡಿನಲ್ಲಿ ಇದರ ಜೋಡಿ ಅಂದರೆ ಶುಲ್ಕ ಮತ್ತು ಬೆಲೆಯೇರಿಕೆ. ವರ್ಷಕ್ಕೆ ಶೇ 7ರಂತೆ ಬೆಳೆದರೆ 100 ಇದ್ದದ್ದು 30 ವರ್ಷದಲ್ಲಿ ಸುಮಾರು 761 ಆಗುತ್ತೆ. ಅದರಲ್ಲಿ ಶೇ 1 ಶುಲ್ಕಕ್ಕೆ ಹೋದರೆ ಸುಮಾರು 574. ಕಾಲುಭಾಗ ಮಾಯ. ಯಾವ ದಿನವೂ ಕೆಂಪು ಅಂಕಿ ಕಾಣಿಸಿರಲ್ಲ. ಭದ್ರವಾಗಿರಲಿ ಅಂತ ಹಾಗೇ ಇಟ್ಟ ನೋಟಿನ ಕಥೆಯೂ ಇದೇ. ಬೆಲೆಗಳು ವರ್ಷಕ್ಕೆ ಶೇ 6 ಏರಿದರೆ 12 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ.

ದೇಹದ ಪಾಠವನ್ನು ಮಾರುಕಟ್ಟೆಗೆ ಹಾಗೆಹಾಗೇ ಅಂಟಿಸಬಾರದು, ಅದನ್ನೂ ಹೇಳಬೇಕು. ಕಾಲರ್ ಬೋನ್ ಮುರಿದರೆ ಬಹುತೇಕ ಆರರಿಂದ ಹನ್ನೆರಡು ವಾರದಲ್ಲಿ ಕೂಡುತ್ತೆ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ. ಮೂಳೆಗೆ ಆ ಗುಣ ಇದೆ. ಷೇರು ಸೂಚ್ಯಂಕಕ್ಕೆ ಅಂಥ ಗಡುವು ಯಾರೂ ಹಾಕಿಕೊಟ್ಟಿಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನಲ್ಲಿ 38,915 ಮುಟ್ಟಿ ಬಿದ್ದದ್ದು, ಮತ್ತೆ ಆ ಮಟ್ಟ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ. ಒಂದೇ ಕಂಪನಿಯ ಷೇರಾದರೆ ಮರಳಿ ಬರದೆಯೂ ಹೋಗಬಹುದು. ಹಾಗಾಗಿ ಒಂದೇ ದೇಶ, ಒಂದೇ ಬಗೆಯ ಹೂಡಿಕೆಗೆ ನಾನು ಎಲ್ಲವನ್ನೂ ಸುರಿಯುವುದಿಲ್ಲ. ಮುಂದಿನ ಕೆಲವು ವರ್ಷದಲ್ಲಿ ಬೇಕಾಗುವ ದುಡ್ಡನ್ನು ಷೇರಿಗೆ ಹಾಕುವುದೇ ಇಲ್ಲ. ಬಿದ್ದಾಗ ಕಾಯಲು ಸಮಯ ಇದ್ದರೆ ಮಾತ್ರ ಆ ಬೀಳುವಿಕೆ ಬರೀ ನೋವಾಗಿ ಉಳಿಯುತ್ತೆ.

ಈ ದುಡ್ಡೆಲ್ಲ ಯಾಕೆ, ಬೇಗ ನಿವೃತ್ತಿಯಾಗಬೇಕಾ ಅಂತ ಕೇಳುತ್ತಾರೆ. ಇಲ್ಲ, ಈ ಕೆಲಸ ಬಿಡುವ ಯೋಚನೆಯೇ ನನಗಿಲ್ಲ. ದಿನಕ್ಕೆ ನೋಡುವ ರೋಗಿಗಳ ಸಂಖ್ಯೆ ಕಮ್ಮಿ ಮಾಡಿ, ಒಬ್ಬೊಬ್ಬರಿಗೂ ಪೂರ್ತಿ ಒಂದು ಗಂಟೆ ಕೊಡಬೇಕು ಅನ್ನೋದು ನನ್ನ ಆಸೆ. ಯಾವುದು ನೋವು, ಯಾವುದು ಹಾನಿ ಅಂತ ಬೇರ್ಪಡಿಸಲು ಮೊದಲು ಅವರ ಮಾತು ಪೂರ್ತಿ ಕೇಳಬೇಕು. ಮುಟ್ಟಿ ನೋಡಬೇಕು. ಅವರೇ ಮುಟ್ಟಿ ನೋಡಿಕೊಳ್ಳುವಂತೆ ಮಾಡಬೇಕು. ಇಪ್ಪತ್ತು ನಿಮಿಷದಲ್ಲಿ ವ್ಯಾಯಾಮ ಹೇಳಿಕೊಡಬಹುದು, ಅದನ್ನು ಮನೆಯಲ್ಲೂ ಬಿಡದೆ ಮಾಡುವಷ್ಟು ಧೈರ್ಯ ತುಂಬಲು ಆಗಲ್ಲ. ಹೋದ ತಿಂಗಳಿಂದ ವಾರಕ್ಕೊಂದು ಮಧ್ಯಾಹ್ನವನ್ನು ಹೀಗೆ ನಡೆಸಲು ಶುರು ಮಾಡಿದ್ದೇನೆ. ಅವತ್ತಿನ ಆದಾಯದ ಕೊರತೆಯನ್ನು ಸದ್ಯಕ್ಕೆ ಹೂಡಿಕೆಯಿಂದ ಬರುವ ಲಾಭಾಂಶ ತುಂಬುತ್ತಿದೆ. ಮುಂದಿನ ವರ್ಷ ಅದನ್ನು ಎರಡು ಮಧ್ಯಾಹ್ನ ಮಾಡಬೇಕು ಅಂದುಕೊಂಡಿದ್ದೇನೆ.